ಅಪ್‌ಡೇಟ್: ಅಮ್ಮನ ಹೊಲಿಗೆಯಿಂದ ಸೋರುತ್ತಿದ್ದದ್ದು ಬರೀ ಕೀವಲ್ಲ
ಕರುಳಿನ ಆಪರೇಷನ್ ಆದ ಎಂಟನೇ ದಿನ ಅಮ್ಮನ ಹೊಲಿಗೆಯಿಂದ ಹಸಿರು ನೀರು ಸೋರುತ್ತಿದೆ, ಏನಿದು ಅಂತ ಕೇಳಿದ್ದೆ. ಸಿಟಿ ಸ್ಕ್ಯಾನ್‌ನಲ್ಲಿ ಗೊತ್ತಾಯಿತು: ಫಿಸ್ಟುಲಾ. ಕರುಳು ಜೋಡಿಸಿದ ಜಾಗ ಬಿಟ್ಟುಕೊಂಡು, ಒಳಗಿನ ರಸ ಚರ್ಮದವರೆಗೆ ದಾರಿ ಮಾಡಿಕೊಂಡಿತ್ತು. ದಿನಕ್ಕೆ 500 ಮಿಲಿಗಿಂತ ಜಾಸ್ತಿ.

ತಕ್ಷಣ ಮತ್ತೆ ಕೊಯ್ದು ಮುಚ್ಚಿಬಿಡಿ ಅಂತ ಹಟ ಹಿಡಿದಿದ್ದೆ. ತಪ್ಪು. ಊದಿಕೊಂಡ ಕರುಳಿನಲ್ಲಿ ಹೊಲಿಗೆ ನಿಲ್ಲುವುದು ಕಷ್ಟ. ಮೊದಲು ಸೋಂಕು ಹಿಡಿತಕ್ಕೆ ತಂದರು, ಸೋಡಿಯಂ, ಪೊಟ್ಯಾಸಿಯಂ ಸರಿದೂಗಿಸಿದರು, ರಕ್ತನಾಳದ ಮೂಲಕವೇ ಪೋಷಣೆ ಕೊಟ್ಟರು.

ಆ ರಸ ತಾಗಿ ಗಾಯದ ಸುತ್ತಲಿನ ಚರ್ಮ ಮಾತ್ರ ಸುಟ್ಟ ಹಾಗೆ ಕೆಂಪಗಾಗಿತ್ತು, ನೋಡೋಕಾಗುತ್ತಿರಲಿಲ್ಲ. ನರ್ಸ್, ಸೋರುವ ರಸ ಹಿಡಿಯುವ ಚೀಲದ ಬಾಯಿಯನ್ನು ಗಾಯದ ಅಳತೆಗೆ ಸರಿಯಾಗಿ ಕತ್ತರಿಸಿ ಅಂಟಿಸಿದ ರಾತ್ರಿಯೇ ಅಮ್ಮ ನಿದ್ದೆ ಮಾಡಿದ್ದು.

ಈಗ ಐದನೇ ವಾರ. ನಿನ್ನೆ ಚೀಲದಲ್ಲಿ 90 ಮಿಲಿ. ತಾನಾಗೇ ಮುಚ್ಚದಿದ್ದರೆ, ಕೆಲವು ತಿಂಗಳು ಬಿಟ್ಟು ಆಪರೇಷನ್ ಅಂದಿದ್ದಾರೆ.