ಐವಿಎಫ್ ಚಿಕಿತ್ಸೆಯ ನಡುವೆ ತುರಿಕೆ, ಬಿಳಿ ಸೆರಗು: ತುಮಕೂರಿನ ಸ್ತ್ರೀರೋಗ ತಜ್ಞೆಯ ಉತ್ತರಗಳು

ಪ್ರಶ್ನೆ (ಗುಬ್ಬಿ ತಾಲ್ಲೂಕಿನ ಸದಸ್ಯೆ): ನಮಸ್ಕಾರ ಡಾಕ್ಟರ್ ಮೇಡಂ. ಬೆಂಗಳೂರಿನಲ್ಲಿ ಐವಿಎಫ್ ಚಿಕಿತ್ಸೆ ಪಡೆಯುತ್ತಿದ್ದೇನೆ. ಭ್ರೂಣವನ್ನು ಗರ್ಭಕೋಶದಲ್ಲಿ ಇರಿಸಿ ಒಂದು ವಾರವಾಯಿತು. ಪ್ರೊಜೆಸ್ಟರಾನ್ ಗುಳಿಗೆಯನ್ನು ದಿನಕ್ಕೆ ಎರಡು ಬಾರಿ ಯೋನಿಯೊಳಗೆ ಇಟ್ಟುಕೊಳ್ಳುತ್ತಿದ್ದೇನೆ. ಈಗ ಸಹಿಸಲಾಗದ ತುರಿಕೆ, ಮೂತ್ರ ಮಾಡುವಾಗ ಉರಿ, ಒಡೆದ ಹಾಲಿನಂತಹ ಬಿಳಿ ಸೆರಗು. ಉಷ್ಣವಾಗಿದೆ ಎಂದು ಅತ್ತೆಯವರು ಹೇಳುತ್ತಾರೆ. ಗುಳಿಗೆಯನ್ನು ನಿಲ್ಲಿಸಲೇ? ಮೆಡಿಕಲ್ ಸ್ಟೋರಿನವರು ಬಿಳಿ ಸೆರಗಿಗೆಂದು ಮಾತ್ರೆಗಳ ಕಿಟ್ ಕೊಟ್ಟಿದ್ದಾರೆ, ಇನ್ನೂ ನುಂಗಿಲ್ಲ.

ಉತ್ತರ: ನುಂಗದೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಆ ಕಿಟ್ ಬೇಡ. ಪ್ರೊಜೆಸ್ಟರಾನ್ ಗುಳಿಗೆಯನ್ನು ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ. ಭ್ರೂಣ ಅಂಟಿಕೊಂಡು ಬೆಳೆಯಲು ಗರ್ಭಕೋಶದ ಒಳಪದರವನ್ನು ಸಿದ್ಧವಾಗಿ ಇಡುವುದು ಅದೇ ಔಷಧ. ತುರಿಕೆಯ ಭಯಕ್ಕೆ ಅದನ್ನು ನಿಲ್ಲಿಸಿದರೆ ಇಷ್ಟು ದಿನದ ಚಿಕಿತ್ಸೆಯೇ ಕೈತಪ್ಪಬಹುದು.

ಇಂತಹ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಅಜಿತ್ರೊಮೈಸಿನ್, ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್ ಇರುತ್ತವೆ. ನಿಮ್ಮ ಲಕ್ಷಣಗಳು ಯೀಸ್ಟ್ ಎಂಬ ಶಿಲೀಂಧ್ರದ ಸೋಂಕಿನಂತೆ ಕಾಣುತ್ತವೆ, ಆದರೆ ಮೊದಲೆರಡು ಯೀಸ್ಟನ್ನು ಕೊಲ್ಲುವುದಿಲ್ಲ. ಬದಲಿಗೆ ಯೋನಿಯನ್ನು ಕಾಯುವ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಕೊಟ್ಟು ಯೀಸ್ಟಿಗೇ ಅನುಕೂಲ ಮಾಡಿಕೊಡಬಹುದು. ಫ್ಲುಕೊನಜೋಲ್ ಯೀಸ್ಟಿಗೆ ಸರಿಯಾದ ಔಷಧವೇ ಆದರೂ, ಗರ್ಭ ನಿಂತಿರಬಹುದಾದ ಈ ಹೊತ್ತಿನಲ್ಲಿ ಅದನ್ನು ನುಂಗಬಾರದು. ಗರ್ಭಿಣಿಯರಲ್ಲಿ ಈ ಮಾತ್ರೆಯ ಸೇವನೆಗೂ ಗರ್ಭಪಾತಕ್ಕೂ ನಂಟು ಕಂಡುಬಂದಿದೆಯೆಂದು ಡೆನ್ಮಾರ್ಕಿನ ದೊಡ್ಡ ಅಧ್ಯಯನವೊಂದು 2016ರಲ್ಲಿ ವರದಿ ಮಾಡಿದೆ. ಅದೇ ಕಾರಣ ಎಂಬುದು ಸಾಬೀತಾಗಿಲ್ಲ, ಆದರೆ ಯೋನಿಯೊಳಗೆ ಇಡುವ ಸುರಕ್ಷಿತ ಔಷಧವಿರುವಾಗ ಆ ಅಪಾಯಕ್ಕೆ ಕೈಹಾಕುವ ಅಗತ್ಯವೇ ಇಲ್ಲ.

ಅತ್ತೆಯವರು ಕಾಳಜಿಯಿಂದ ಹೇಳಿದ್ದಾರೆ, ಆದರೆ ಇದು ಊಟದ ಉಷ್ಣದಿಂದ ಬಂದದ್ದಲ್ಲ. ಅಂಡಗಳನ್ನು ಬೆಳೆಸುವ ಚುಚ್ಚುಮದ್ದುಗಳಿಂದಲೂ, ಭ್ರೂಣ ಇರಿಸುವ ಮುನ್ನ ಕೊಡುವ ಈಸ್ಟ್ರೋಜನ್ ಮಾತ್ರೆಗಳಿಂದಲೂ ದೇಹದಲ್ಲಿ ಈಸ್ಟ್ರೋಜನ್ ಏರಿ, ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹ ಹೆಚ್ಚುತ್ತದೆ. ಅನೇಕರಲ್ಲಿ ಯಾವ ತೊಂದರೆಯೂ ಕೊಡದೆ ಇರುವ ಕ್ಯಾಂಡಿಡಾ ಎಂಬ ಯೀಸ್ಟಿಗೆ ಆಗ ಬೆಳೆಯಲು ಹದ ಸಿಗುತ್ತದೆ. ಅಂಡ ಹೊರತೆಗೆಯುವಾಗ ಕೊಡುವ ಆಂಟಿಬಯೋಟಿಕ್ ಕೂಡ ಇದಕ್ಕೆ ಜೊತೆಯಾಗಬಹುದು. ಸುಮಾರು ನಾಲ್ವರಲ್ಲಿ ಮೂವರು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುವ ಸೋಂಕಿದು, ನಾಚಿಕೆ ಪಡುವಂಥದ್ದಲ್ಲ.

ಆದರೂ ನೋಡದೆ ಯೀಸ್ಟೇ ಎನ್ನಲಾರೆ. ಪ್ರೊಜೆಸ್ಟರಾನ್ ಗುಳಿಗೆ ಕರಗಿದ ಮೇಲೆ ಅದರ ಬಿಳಿ ಶೇಷವೂ ಹೊರಬರುತ್ತದೆ, ಆದರೆ ಅದರಿಂದ ಸಾಮಾನ್ಯವಾಗಿ ತುರಿಕೆಯಾಗದು. ಸ್ರಾವ ತೆಳ್ಳಗೆ, ಬೂದು ಬಣ್ಣಕ್ಕಿದ್ದು ಮೀನಿನ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ತೊಂದರೆ, ಅದರ ಔಷಧವೇ ಬೇರೆ. ಸ್ರಾವದ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ತುಮಕೂರಿನಲ್ಲೇ ಆಗುತ್ತದೆ.

ಯೀಸ್ಟ್ ಎಂದಾದರೆ ಕ್ಲೊಟ್ರಿಮಜೋಲ್ ಗುಳಿಗೆಯನ್ನು ಏಳು ರಾತ್ರಿ ಯೋನಿಯೊಳಗೆ ಇಡಲು ಹೇಳುತ್ತೇವೆ. ಇಲ್ಲೊಂದು ತೊಡಕಿದೆ, ಹಲವರು ಗಮನಿಸುವುದಿಲ್ಲ: ಎರಡು ಔಷಧಗಳನ್ನು ಒಂದೇ ಜಾಗದಲ್ಲಿ ಇಟ್ಟರೆ ಪ್ರೊಜೆಸ್ಟರಾನ್ ಹೀರಿಕೆ ಏರುಪೇರಾಗಬಹುದು. ಆದ್ದರಿಂದ ಈ ದಿನಗಳ ಮಟ್ಟಿಗೆ ಪ್ರೊಜೆಸ್ಟರಾನನ್ನು ಚುಚ್ಚುಮದ್ದಾಗಿ ಕೊಡಬೇಕೋ, ಎರಡರ ನಡುವೆ ಕೆಲವು ಗಂಟೆಗಳ ಅಂತರ ಸಾಕೋ ಎಂಬುದನ್ನು ನಿಮ್ಮ ಐವಿಎಫ್ ಕೇಂದ್ರದ ವೈದ್ಯರು ನಿರ್ಧರಿಸಬೇಕು. ಇಂದೇ ಫೋನ್ ಮಾಡಿ. ಒಳಗೆ ಮೊಸರು ಹಚ್ಚುವುದು, ಸೋಪು ಅಥವಾ ಆಂಟಿಸೆಪ್ಟಿಕ್ ದ್ರವದಿಂದ ತೊಳೆಯುವುದು, ಸ್ಟೆರಾಯ್ಡ್ ಬೆರೆತ ಕ್ರೀಮ್ ಹಚ್ಚುವುದು ಬೇಡ.

ಪ್ರಶ್ನೆ (ಶಿರಾದ ಸದಸ್ಯೆ): ನನಗೂ ಚಿಕಿತ್ಸೆ ನಡೆಯುತ್ತಿದೆ. ಈ ವರ್ಷ ಮೂರನೆಯ ಸಲ ಹೀಗಾಗಿದೆ, ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಕೂಡ ಇದೆ. ಯಜಮಾನರಿಗೂ ಔಷಧ ಬೇಕೇ?

ಉತ್ತರ: ಅವರಿಗೆ ತುರಿಕೆ ಅಥವಾ ಕೆಂಪು ಇಲ್ಲದಿದ್ದರೆ ಬೇಡ. ನಿಮಗೆ ಮಾತ್ರ ಕಳೆದ ಎರಡು-ಮೂರು ತಿಂಗಳ ಸಕ್ಕರೆ ಮಟ್ಟ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಆಗಲೇಬೇಕು, ಏಕೆಂದರೆ ಪಿಸಿಓಎಸ್ ಇರುವವರಲ್ಲಿ ಗೊತ್ತಿಲ್ಲದೆ ಸಕ್ಕರೆ ಏರಿರುವುದುಂಟು. ಜೊತೆಗೆ ಸ್ರಾವದ ಕಲ್ಚರ್ (ಮಾದರಿಯಲ್ಲಿನ ಯೀಸ್ಟನ್ನು ಬೆಳೆಸಿ ಯಾವುದೆಂದು ನೋಡುವ ಪರೀಕ್ಷೆ) ಮಾಡಿಸಿ. ಕ್ಯಾಂಡಿಡಾದ ಕೆಲವು ಪ್ರಭೇದಗಳು ಸಾಮಾನ್ಯ ಔಷಧಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅಂಥವಕ್ಕೆ ಕೆಲವರು ಸೂಚಿಸುವ ಬೋರಿಕ್ ಆಸಿಡ್ ಗುಳಿಗೆ ಗರ್ಭಧಾರಣೆಗೆ ಪ್ರಯತ್ನಿಸುತ್ತಿರುವ ನಿಮಗೆ ಸಲ್ಲದು.

ಪ್ರಶ್ನೆ (ಅದೇ ಸದಸ್ಯೆ): ಮುಂದಿನ ವಾರ ಭ್ರೂಣ ಇರಿಸುವ ದಿನ. ಹೇಳಿದರೆ ಮುಂದೂಡುತ್ತಾರೆಂಬ ಭಯ.

ಉತ್ತರ: ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಸಾಮಾನ್ಯ ಯೀಸ್ಟ್ ಸೋಂಕು ಯೋನಿ ಮತ್ತು ಅದರ ಹೊರಭಾಗದಲ್ಲೇ ಉಳಿಯುತ್ತದೆ, ಅದೊಂದೇ ಕಾರಣಕ್ಕೆ ದಿನವನ್ನು ಮುಂದೂಡುವುದು ವಿರಳ. ಈಗಲೇ ತಿಳಿಸಿದರೆ ಅಷ್ಟರೊಳಗೆ ಏಳು ರಾತ್ರಿಯ ಔಷಧ ಮುಗಿಯಬಹುದು. ಜ್ವರ, ಕಿಬ್ಬೊಟ್ಟೆ ನೋವು ಅಥವಾ ರಕ್ತ ಬೆರೆತ ಸ್ರಾವ ಕಂಡರೆ ಮಾತ್ರ ಫೋನಿಗೆ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಿ.