ನೈರೋಬಿ–ಜೋಹಾನ್ಸ್‌ಬರ್ಗ್: ಹೋಗಲು 3 ಗಂಟೆ, ಬರಲು 5 ಗಂಟೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವನು, ಸದ್ಯ ಕೆಲಸ ನೈರೋಬಿಯಲ್ಲಿ. ಮುಂದಿನ ತಿಂಗಳು ಜೋಹಾನ್ಸ್‌ಬರ್ಗ್‌ನಲ್ಲಿ ಮಧ್ಯಾಹ್ನ 2ಕ್ಕೆ ಒಂದು ಮೀಟಿಂಗ್ ಇದೆ. ನೇರ ಫ್ಲೈಟ್ ಬೆಳಿಗ್ಗೆ 7ಕ್ಕೆ ಹೊರಟು 10.10ಕ್ಕೆ ಇಳಿಯುತ್ತದೆ. ವಾಪಸ್ ಬರುವುದು ಮಧ್ಯಾಹ್ನ 12ಕ್ಕೆ ಹೊರಟು ಸಂಜೆ 5.05ಕ್ಕೆ. ದಾರಿ ಒಂದೇ ಅಲ್ವಾ? ಸುಮಾರು ಎರಡು ಗಂಟೆ ಜಾಸ್ತಿ ಯಾಕೆ? ಎದುರುಗಾಳಿನಾ?

ಉತ್ತರ (ಫ್ಲೈಟ್ ಡಿಸ್ಪ್ಯಾಚರ್, ಅಂದರೆ ವಿಮಾನದ ದಾರಿ, ಇಂಧನದ ಲೆಕ್ಕ ಹಾಕುವವರು): ಗಾಳಿಯನ್ನು ಸುಮ್ನೆ ಬೈಯಬೇಡಿ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ನೈರೋಬಿ ಗಡಿಯಾರ ಜೋಹಾನ್ಸ್‌ಬರ್ಗ್‌ಗಿಂತ ಒಂದು ಗಂಟೆ ಮುಂದಿದೆ. ಹೋಗುವಾಗ ಆ ಗಂಟೆ ಉಳಿದಂತೆ ಕಾಣುತ್ತದೆ, ಬರುವಾಗ ಕಳೆದಂತೆ. ನಾವು ಎಲ್ಲ ಲೆಕ್ಕವನ್ನೂ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲೇ ಹಾಕುತ್ತೇವೆ. ನೈರೋಬಿ ಅದಕ್ಕಿಂತ 3 ಗಂಟೆ ಮುಂದೆ, ಜೋಹಾನ್ಸ್‌ಬರ್ಗ್ 2 ಗಂಟೆ. ಹಾಗೆ ನೋಡಿದರೆ ನಿಮ್ಮ ವಿಮಾನ 4.00ಕ್ಕೆ ಹೊರಟು 8.10ಕ್ಕೆ ತಲುಪುತ್ತದೆ. ವಾಪಸ್ 10.00ಕ್ಕೆ ಹೊರಟು 14.05ಕ್ಕೆ. ವ್ಯತ್ಯಾಸ ಬರೀ ಐದು ನಿಮಿಷ.

ನೇರ ದೂರ ಸುಮಾರು 2,900 ಕಿ.ಮೀ. ಇದನ್ನು ವಿಮಾನದ ವೇಗದಿಂದ ಭಾಗಿಸಿದರೆ ಮೂರೂವರೆ ಗಂಟೆಯೂ ಆಗುವುದಿಲ್ಲ. ಆದರೆ ಟಿಕೆಟ್‌ನಲ್ಲಿರುವುದು ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗಿನ ಸಮಯ. ರನ್‌ವೇವರೆಗೆ ಸಾಗುವುದು, ಸರದಿಗೆ ಕಾಯುವುದು, ನಿಧಾನವಾಗಿ ಮೇಲೇರುವುದು, ಇಳಿಯುವ ಮುಂಚೆ ಸುತ್ತು ಹಾಕುವುದು ಎಲ್ಲ ಅದರಲ್ಲೇ ಸೇರಿದೆ.

ಪ್ರಶ್ನೆ: ಈಗ ಅರ್ಥವಾಯಿತು. ಇಥಿಯೋಪಿಯಾದ ಅಡಿಸ್ ಅಬಾಬಾ ಮೂಲಕ ಹೋದರೆ ಟಿಕೆಟ್ ಸ್ವಲ್ಪ ಅಗ್ಗ. ತೊಗೊಳ್ಳಬಹುದಾ?

ಉತ್ತರ: ನೀವು ಹೋಗಬೇಕಾದದ್ದು ದಕ್ಷಿಣಕ್ಕೆ, ಅದು ಮೊದಲು ಉತ್ತರಕ್ಕೆ ಒಯ್ಯುತ್ತದೆ. ಅಡಿಸ್‌ಗೆ ಸುಮಾರು 1,160 ಕಿ.ಮೀ., ಅಲ್ಲಿಂದ ಜೋಹಾನ್ಸ್‌ಬರ್ಗ್‌ಗೆ 4,000 ಕಿ.ಮೀ.ಗೂ ಜಾಸ್ತಿ. ಹಾರಾಟವೇ ಏಳು ಗಂಟೆ ದಾಟುತ್ತದೆ, ನಡುವೆ ಕಾಯುವುದು ಬೇರೆ. ಮೀಟಿಂಗ್ ಅದೇ ದಿನ ಇದ್ದರೆ ನಾನಂತೂ ನೇರ ಫ್ಲೈಟ್‌ನಲ್ಲೇ ಹೋಗುತ್ತೇನೆ.

ಇನ್ನೊಂದು ಮಾತು, ನೀವು ಕೇಳಲಿಲ್ಲ. ಕೀನ್ಯಾದಿಂದ ಹೋಗುವವರಿಗೆ ದಕ್ಷಿಣ ಆಫ್ರಿಕಾ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಚುಚ್ಚಿಸಿಕೊಂಡು 10 ದಿನವಾದ ಮೇಲೆಯೇ ಅದಕ್ಕೆ ಬೆಲೆ. ಹಿಂದಿನ ದಿನ ಹಾಕಿಸಿಕೊಂಡು ಓಡಿದರೆ ಪ್ರಯೋಜನವಿಲ್ಲ. ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಕೀನ್ಯಾದಿಂದ ಊರಿಗೆ ಬರುವಾಗಲೂ ಬೇಕು.

ಇನ್ನೊಬ್ಬ ಸದಸ್ಯೆ: ಸರ್, ಜೋಹಾನ್ಸ್‌ಬರ್ಗ್‌ನಲ್ಲಿ ರನ್‌ವೇ ಅಷ್ಟು ಉದ್ದ ಯಾಕೆ?

ಉತ್ತರ: ಎತ್ತರ, ಮೇಡಂ. ಆ ವಿಮಾನ ನಿಲ್ದಾಣ ಸುಮಾರು 1,690 ಮೀಟರ್ ಎತ್ತರದಲ್ಲಿದೆ. ನೈರೋಬಿಯದೂ 1,600 ಮೀಟರ್ ಮೀರಿದೆ. ಬೆಂಗಳೂರು ನಿಲ್ದಾಣ 900ರ ಆಸುಪಾಸು. ಮೇಲೆ ಗಾಳಿ ತೆಳು. ರೆಕ್ಕೆಗೆ ಎತ್ತುವ ಬಲ ಸಿಗಲು ಜಾಸ್ತಿ ವೇಗ ಬೇಕು, ಎಂಜಿನ್‌ನ ಶಕ್ತಿಯೂ ಕಡಿಮೆಯಾಗುತ್ತದೆ. ಅದಕ್ಕೇ ಅಲ್ಲಿ 4.4 ಕಿ.ಮೀ. ಉದ್ದದ ರನ್‌ವೇ ಇದೆ.

ಪ್ರಶ್ನೆ: ಕೊನೆಯದು ಸರ್. ಕಿಟಕಿ ಸೀಟು ಯಾವ ಕಡೆ ಒಳ್ಳೆಯದು?

ಉತ್ತರ: ಹೋಗುವಾಗ ಎಡಗಡೆ, ರೆಕ್ಕೆಗಿಂತ ಮುಂದೆ. ಮೋಡ ಇಲ್ಲದಿದ್ದರೆ ಹೊರಟ ಸ್ವಲ್ಪ ಹೊತ್ತಿಗೇ ಕಿಲಿಮಂಜಾರೋ ಕಾಣುತ್ತದೆ. ಬೆಳಗಿನ ಬಿಸಿಲು ಅದೇ ಕಡೆಯಿಂದ ಕಣ್ಣಿಗೆ ಹೊಡೆಯುತ್ತದೆ, ತಂಪು ಕನ್ನಡಕ ಕೈಚೀಲದಲ್ಲೇ ಇರಲಿ.