ಅವಕಲನ ಅಂದರೆ ಕಳೆಯುವುದಾ?

ನಮಸ್ಕಾರ. ಕಲಬುರಗಿಯಲ್ಲಿ ಡಿಗ್ರಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಒಂದು ಪದದ ಬಗ್ಗೆ ಬಲ್ಲವರನ್ನು ಕೇಳಬೇಕಿತ್ತು.

ಸೇಡಂ, ಚಿತ್ತಾಪುರ, ಶಹಾಪುರದ ಕಡೆಯಿಂದ ಬರುವ ಹುಡುಗರಲ್ಲಿ ಬಹಳ ಜನ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿರುತ್ತಾರೆ. ಬಹುಪದೋಕ್ತಿ, ಸಹಗುಣಕ, ವರ್ಗ ಸಮೀಕರಣ ಅಂದರೆ ತಡವರಿಸುವುದಿಲ್ಲ. ಕ್ಯಾಲ್ಕುಲಸ್ ಶುರುವಾಗುವುದು ಪಿಯುಸಿಯಲ್ಲಿ, ಅಷ್ಟರಲ್ಲಿ ಪಾಠ ಇಂಗ್ಲಿಷಿಗೆ ತಿರುಗಿರುತ್ತದೆ, ಹಾಗಾಗಿ ಅದರ ಕನ್ನಡ ಪದಗಳು ಅವರ ಕಿವಿಗೆ ಬಿದ್ದೇ ಇರುವುದಿಲ್ಲ. ಡಿಫರೆನ್ಶಿಯೇಷನ್‌ಗೆ (ಬದಲಾವಣೆಯ ದರ ಕಂಡುಹಿಡಿಯುವುದು) ಅವಕಲನ, ಇಂಟಿಗ್ರೇಷನ್‌ಗೆ (ಸಣ್ಣ ಚೂರುಗಳನ್ನು ಒಗ್ಗೂಡಿಸುವುದು) ಅನುಕಲನ ಅಂತ ಬೋರ್ಡ್ ಮೇಲೆ ಬರೆದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: 'ಅವಕಲನ ಅಂದ್ರ ಕಳಿಯೋದಲ್ರೀ ಸರ?'

ಕೇಳುವುದು ಸಹಜವೇ. ಸಣ್ಣ ಕ್ಲಾಸಿನಲ್ಲಿ ಸಂಕಲನ, ವ್ಯವಕಲನ ಓದಿದವರು ಅವರು. ವ್ಯವಕಲನವನ್ನು ಬಿಡಿಸಿದರೆ ವಿ, ಅವ, ಕಲನ. ಅವಕಲನ ಅದರ ಹೊಟ್ಟೆಯಲ್ಲೇ ಇದೆ!

ಮಜಾ ಏನೆಂದರೆ ಅವಕಲನದ ಲೆಕ್ಕದಲ್ಲೂ ಕಳೆಯುವುದು ಇದ್ದೇ ಇದೆ. ಬದಿ 5 ಇರುವ ಚೌಕದ ವಿಸ್ತೀರ್ಣ 25. ಬದಿಯನ್ನು 5.1 ಮಾಡಿದರೆ 26.01. ಕಳೆದರೆ 1.01, ಅದನ್ನು ಬದಿಯಲ್ಲಿ ಹೆಚ್ಚಿದ 0.1ರಿಂದ ಭಾಗಿಸಿದರೆ 10.1. ಬದಿ 5.01 ಆದರೆ ಇದೇ ಲೆಕ್ಕದಲ್ಲಿ 10.01 ಬರುತ್ತದೆ. ಹೆಚ್ಚಳ ಸೊನ್ನೆಯತ್ತ ಹೋದ ಹಾಗೆ ಉತ್ತರ 10ರತ್ತ ಹೋಗುತ್ತದೆ. ಮೊದಲು ಕಳಿ, ಆಮೇಲೆ ಭಾಗಿಸು, ಆಮೇಲೆ ಮಿತಿ ನೋಡು. ಪದದಲ್ಲಿ ಕಾಣುವುದು ಮೊದಲ ಹೆಜ್ಜೆ ಮಾತ್ರ. ಇಂಗ್ಲಿಷ್ ಪದದಲ್ಲೂ ಡಿಫರೆನ್ಸ್ ಅಷ್ಟೇ ಇದೆ, ಅಲ್ವಾ?

ಈ ಮನೆತನದ ಪದಗಳು ನಮ್ಮ ಕಡೆಗೆ ಹೊಸವೂ ಅಲ್ಲ. ಸೇಡಂ ತಾಲೂಕಿನ ಕಾಗಿಣಾ ದಂಡೆಯ ಮಳಖೇಡ ಅಮೋಘವರ್ಷ ನೃಪತುಂಗನ ರಾಜಧಾನಿ. ಅವನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಅದರಲ್ಲಿ ಶ್ರೇಢಿಯ ಮೊತ್ತಕ್ಕೆ ಸಂಕಲಿತ, ಶ್ರೇಢಿಯಲ್ಲಿ ಒಂದಿಷ್ಟು ಸಂಖ್ಯೆ ಕಳೆದು ಉಳಿದದ್ದನ್ನು ಕೂಡುವುದಕ್ಕೆ ವ್ಯುತ್ಕಲಿತ ಅಂತ ಇದೆ. ಕ್ಯಾಲ್ಕುಲಸ್ ಅವನಿಗೆ ಗೊತ್ತಿತ್ತು ಅಂತ ಯಾರೂ ಹೇಳಲು ಹೋಗಬೇಡಿ, ಗೊತ್ತಿರಲಿಲ್ಲ.

ಇನ್ನೊಂದು ಮಾತು. ಲ್ಯಾಟಿನ್ನಲ್ಲಿ ಕ್ಯಾಲ್ಕುಲಸ್ ಅಂದರೆ ಎಣಿಸುವ ಹರಳು, ಹಾಗಾಗಿ ಕಲನ ಬಂದದ್ದು 'ಕಲ್ಲು'ನಿಂದ ಅಂತ ಒಬ್ಬರು ವಾದ ಹೂಡಿದ್ದರು. ಸುಮ್ನೆ ಧ್ವನಿ ಹೋಲುತ್ತದೆ ಅಷ್ಟೇ. ಕಲನ ಸಂಸ್ಕೃತದ್ದು, ಎಣಿಸು ಅನ್ನುವ ಅರ್ಥದ ಧಾತುವಿನದು.

ನನಗೆ ಜಾಸ್ತಿ ತೊಂದರೆ ಕೊಡುತ್ತಿರುವುದು ಅನುಕಲನ. 'ಅನು' ಅಂದರೆ ಹಿಂದೆ ಬರುವುದು, ಒಗ್ಗೂಡಿಸುವ ಅರ್ಥ ಅದರಲ್ಲಿ ಎಲ್ಲಿದೆ? ಹಿಂದಿಯವರ ಸಮಾಕಲನದಲ್ಲಿ ಅದು ಕಾಣುತ್ತದೆ. ಮೇಲಾಗಿ ಹಿಂದಿನ ಬೆಂಚಿನವರಿಗೆ ಅವಕಲನ, ಅನುಕಲನ ಎರಡೂ ಒಂದೇ ಥರ ಕೇಳುತ್ತವೆ.

ಎರಡು ಪ್ರಶ್ನೆ. ಅನುಕಲನದ ಬದಲು ಸಮಾಕಲನ ಅಂದರೆ ಕನ್ನಡದಲ್ಲಿ ಒಪ್ಪುತ್ತದಾ, ಯಾರಾದರೂ ಬಳಸಿದ್ದೀರಾ? ಮತ್ತೆ, ಕ್ಲಾಸಿನಲ್ಲಿ ಎಲ್ಲರೂ 'ಡಿಫರೆನ್ಶಿಯೇಟ್ ಮಾಡ್ರಿ' ಅಂತಲೇ ಹೇಳುತ್ತೇವೆ. ಪ್ರಶ್ನೆಪತ್ರಿಕೆಯಲ್ಲಿ ಬರೆಯುವುದಾದರೆ 'ಅವಕಲಿಸಿ' ಅನ್ನಬೇಕೋ, 'ಅವಕಲನ ಮಾಡಿ' ಅನ್ನಬೇಕೋ? ನನ್ನ ಒಲವು 'ಅವಕಲಿಸಿ' ಕಡೆಗೆ, 'ಸಂಕಲಿಸಿ' ಹೇಗೂ ಇದೆಯಲ್ಲ.